ಗಂಟೆ ಬಾರಿಸುವ ಮುನ್ನ

2024ರ ಜನವರಿ 21, ಭಾನುವಾರ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಪ್ರಾಥಮಿಕ ಚುನಾವಣೆಗೆ ಎರಡೇ ದಿನ ಉಳಿದಿತ್ತು. ಅಂದು ಸಾವಿರಾರು ಮತದಾರರ ಫೋನ್ ರಿಂಗಾಯಿತು. ಎತ್ತಿದರೆ ಅಧ್ಯಕ್ಷ ಜೋ ಬೈಡನ್ ಅವರ ದನಿ. ಈ ಮಂಗಳವಾರ ಮತ ಹಾಕಬೇಡಿ, ನಿಮ್ಮ ಮತವನ್ನು ನವೆಂಬರ್‌ಗೆ ಕಾಯ್ದಿಡಿ ಎಂಬ ಸಲಹೆ. ಆ ದನಿ ಬೈಡನ್ ಅವರದ್ದಾಗಿರಲಿಲ್ಲ, ಕಂಪ್ಯೂಟರ್ ಹೊಸೆದದ್ದು. ಫೋನಿನಲ್ಲಿ ಮೂಡಿದ ನಂಬರ್ ಕೂಡ ಕರೆ ಮಾಡಿದವರದ್ದಲ್ಲ. ಅದೇ ರಾಜ್ಯದ ಡೆಮಾಕ್ರಟಿಕ್ ಪಕ್ಷದ ಹಿರಿಯ ನಾಯಕಿಯೊಬ್ಬರಿಗೆ ಸಂಬಂಧಿಸಿದ್ದು.

ಇದಕ್ಕಿಂತ ಕಳವಳದ ಸಂಗತಿ ತನಿಖೆಯಲ್ಲಿ ಹೊರಬಿತ್ತು. ಸುಳ್ಳು ನಂಬರುಗಳನ್ನು ತಡೆಯಲೆಂದೇ ಅಮೆರಿಕ 2021ರಿಂದ ಜಾರಿಗೆ ತಂದಿದ್ದ ಡಿಜಿಟಲ್ ಸಹಿ ಆ ಕರೆಗಳ ಮೇಲೆ ಇತ್ತು. ಅದೂ ಅತ್ಯುನ್ನತವಾದ ‘ಎ’ ದರ್ಜೆಯ ಸಹಿ. ಗ್ರಾಹಕ ನಮಗೆ ಗೊತ್ತಿರುವವನು, ಈ ನಂಬರ್ ಬಳಸುವ ಹಕ್ಕು ಅವನಿಗಿದೆ ಎಂದು ಫೋನ್ ಕಂಪನಿಯೇ ಖಾತರಿ ಕೊಟ್ಟಿತ್ತು. ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗ ಎಫ್‌ಸಿಸಿ, ಕರೆ ಮಾಡಿಸಿದ ರಾಜಕೀಯ ಸಲಹೆಗಾರನಿಗೆ 60 ಲಕ್ಷ ಡಾಲರ್ ದಂಡ ವಿಧಿಸಿತು. ಸಹಿ ಹಾಕಿದ ಲಿಂಗೋ ಟೆಲಿಕಾಂ ಕಂಪನಿ 10 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಅಷ್ಟು ಹೊತ್ತಿಗೆ ಕರೆಗಳು ಮನೆ ಮುಟ್ಟಿ ತಿಂಗಳುಗಳೇ ಕಳೆದಿದ್ದವು.

ದನಿ ಸುಳ್ಳು, ನಂಬರ್ ಸುಳ್ಳು, ಖಾತರಿಯೂ ಸುಳ್ಳು. ಮೂರೂ ಒಂದೇ ಕರೆಯಲ್ಲಿ ಕೂಡಿದ್ದವು. ಮನೆಯ ಫೋನಿಗೆ ಬರುವ ಕಿರಿಕಿರಿ ಕರೆಗಳನ್ನು ನಂಬರ್ ನೋಡಿ ಬ್ಲಾಕ್ ಮಾಡಿದರೆ ಸಾಕು ಎಂದು ನಂಬಿರುವವರೆಲ್ಲ ಈ ಪ್ರಕರಣವನ್ನು ಗಂಭೀರವಾಗಿ ಓದಬೇಕು. ನಂಬರ್ ಆಧಾರದ ತಡೆ ಈಗಾಗಲೇ ಶಿಥಿಲವಾಗಿದೆ. ಮುಂದಿನ ಕೆಲವೇ ವರ್ಷಗಳಲ್ಲಿ ಅದು ಪೂರ್ತಿ ಕುಸಿಯುವ ಲಕ್ಷಣಗಳು ಕಾಣುತ್ತಿವೆ. ಅದೇ ಅವಧಿಯಲ್ಲಿ ತಾಮ್ರದ ಟೆಲಿಫೋನ್ ತಂತಿ ಕಳಚಿ, ಪ್ರತಿ ಲ್ಯಾಂಡ್‌ಲೈನೂ ಇಂಟರ್ನೆಟ್ ಪೆಟ್ಟಿಗೆಯ ಬೆನ್ನಿಗೆ ಬೀಳಲಿದೆ.

ಪೆಟ್ಟಿಗೆಯೊಳಗೆ ನಡೆಯುವುದು

ಅಂಗೈಯಗಲದ ಪುಟ್ಟ ಪೆಟ್ಟಿಗೆ. ಒಂದು ಕಡೆ ರೂಟರಿನಿಂದ ಬರುವ ಇಂಟರ್ನೆಟ್ ಕೇಬಲ್, ಇನ್ನೊಂದು ಕಡೆ ಹಳೆಯ ಟೆಲಿಫೋನಿನ ತಂತಿ. ನಮ್ಮ ಮಾತನ್ನು ಡೇಟಾ ಪೊಟ್ಟಣಗಳಾಗಿ ಕತ್ತರಿಸಿ ಕಳಿಸುವುದು, ಬಂದ ಪೊಟ್ಟಣಗಳನ್ನು ಮತ್ತೆ ಮಾತಾಗಿಸುವುದು ಇದರ ಕೆಲಸ. ಅಮೆರಿಕದಲ್ಲಿ ಓಬಿಹಾಯ್, ಊಮಾ, ಮ್ಯಾಜಿಕ್‌ಜಾಕ್, ಸಿಸ್ಕೊ, ಗ್ರಾಂಡ್‌ಸ್ಟ್ರೀಮ್ ಹೆಸರಿನಲ್ಲಿ ಇಂಥ ಅಡಾಪ್ಟರುಗಳು ಮನೆಮನೆ ಸೇರಿದವು. 2009ರಲ್ಲಿ ವೋನೇಜ್ ಕಂಪನಿ ಭಾರತಕ್ಕೂ ಮಿತಿಯಿಲ್ಲದ ಕರೆಯನ್ನು ಮಾಸಿಕ ದರದೊಳಗೆ ಸೇರಿಸಿದ ಮೇಲೆ, ಊರಿನ ತಂದೆತಾಯಿಯರ ಜತೆ ಮನಸಾರೆ ಮಾತಾಡುವ ಆಸೆಯಿದ್ದ ಭಾರತೀಯ ಕುಟುಂಬಗಳಿಗೆ ಇದು ದೊಡ್ಡ ಅನುಕೂಲವಾಯಿತು.

ಕರೆ ಬಂದಾಗ ಸೇವಾ ಕಂಪನಿಯ ಸರ್ವರಿನಿಂದ ಪೆಟ್ಟಿಗೆಗೆ ‘ಇನ್‌ವೈಟ್’ ಎಂಬ ಸಂದೇಶ ಬರುತ್ತದೆ. ಎಸ್‌ಐಪಿ ಎಂಬ ನಿಯಮಾವಳಿಯ ಪ್ರಕಾರ ಬರೆದ ಈ ಸಂದೇಶದಲ್ಲಿ ಕರೆ ಯಾರಿಂದ, ಯಾರಿಗೆ ಎಂಬ ಸಾಲುಗಳಿರುತ್ತವೆ. ಅದನ್ನು ಓದಿದ ಮೇಲೆ ಪೆಟ್ಟಿಗೆ ಟೆಲಿಫೋನಿಗೆ ರಿಂಗ್ ಕಳಿಸುತ್ತದೆ. ಅಮೆರಿಕದ ಪದ್ಧತಿಯಲ್ಲಿ ಕರೆ ಮಾಡಿದವರ ನಂಬರ್ ಟೆಲಿಫೋನ್ ಸೆಟ್ಟಿಗೆ ತಲುಪುವುದು ಮೊದಲ ಮತ್ತು ಎರಡನೆಯ ರಿಂಗಿನ ನಡುವಿನ ಮೌನದಲ್ಲಿ, ಸೆಕೆಂಡಿಗೆ 1200 ಬಿಟ್ ವೇಗದ ಕ್ಷೀಣ ಸಂಕೇತವಾಗಿ. ಹಾಗಾಗಿ ಫೋನಿನ ಪಕ್ಕಕ್ಕೆ ಜೋಡಿಸುವ ಕಾಲ್ ಬ್ಲಾಕರ್ ಎಷ್ಟೇ ಚುರುಕಾಗಿದ್ದರೂ ಮೊದಲ ರಿಂಗನ್ನು ತಡೆಯಲಾರದು. ನಡುರಾತ್ರಿ ಮಲಗಿದ ಹಿರಿಯರನ್ನು ಎಬ್ಬಿಸಲು ಆ ಒಂದು ರಿಂಗೇ ಸಾಕು. ಅಡಾಪ್ಟರಿಗೆ ಮಾತ್ರ ಗಂಟೆ ಬಾರಿಸುವ ಮುನ್ನವೇ ನಂಬರ್ ಗೊತ್ತಿರುತ್ತದೆ. ಮನೆಯೊಳಗೆ ಕರೆ ತಡೆಯಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಆ ಜಾಗವನ್ನು ನಾವು ಸರಿಯಾಗಿ ಬಳಸಿಲ್ಲ, ಸರಿಯಾಗಿ ಕಾಪಾಡಿಯೂ ಇಲ್ಲ.

ನಂಬರ್ ಏಕೆ ಸುಳ್ಳಾಡುತ್ತದೆ

ಕರೆಯ ಜತೆ ಬರುವ ನಂಬರ್, ಅಂಚೆ ಲಕೋಟೆಯ ಹಿಂಬದಿಯಲ್ಲಿ ಬರೆದ ‘ಇಂದ’ ವಿಳಾಸದ ಹಾಗೆ. ಬರೆದವರು ಏನು ಬರೆದರೋ ಅದೇ. ಹಿಂದೆ ಟೆಲಿಫೋನ್ ಜಾಲ ಕೆಲವೇ ದೊಡ್ಡ ಕಂಪನಿಗಳ ಕೈಯಲ್ಲಿತ್ತು. ಒಬ್ಬರು ಕಳಿಸಿದ ನಂಬರನ್ನು ಇನ್ನೊಬ್ಬರು ನಂಬುತ್ತಿದ್ದರು, ಮೋಸ ಮಾಡಲು ದುಬಾರಿ ಉಪಕರಣ ಬೇಕಿತ್ತು. ಇಂಟರ್ನೆಟ್ ಟೆಲಿಫೋನಿ ಬಂದ ಮೇಲೆ ಆ ಸಾಲನ್ನು ಒಂದು ಸಣ್ಣ ತಂತ್ರಾಂಶವೂ ತುಂಬಬಲ್ಲದು. ಮೋಸದ ಉದ್ದೇಶದಿಂದ ಸುಳ್ಳು ನಂಬರ್ ತೋರಿಸುವುದನ್ನು ಅಮೆರಿಕ 2010ರ ಡಿಸೆಂಬರ್‌ನಲ್ಲಿ ಕಾನೂನಿನ ಮೂಲಕ ಅಪರಾಧವೆಂದು ಸಾರಿತು. ಕಾನೂನು ಅಪರಾಧಕ್ಕೆ ಹೆಸರು ಕೊಟ್ಟಿತು, ತಂತ್ರಜ್ಞಾನ ಮಾತ್ರ ಹಾಗೆಯೇ ಉಳಿಯಿತು.

ಇದರೊಳಗಿನ ಲೆಕ್ಕಾಚಾರವನ್ನೂ ತಿಳಿಯಬೇಕು. ಎತ್ತದ ಕರೆಗೆ ಸಾಮಾನ್ಯವಾಗಿ ಶುಲ್ಕವಿಲ್ಲ. ಎತ್ತಿದ ಕರೆಗೂ ಸಗಟು ದರದಲ್ಲಿ ನಿಮಿಷಕ್ಕೆ ತಗಲುವುದು ಪುಡಿಗಾಸು. ಲಕ್ಷ ಮನೆಗಳಿಗೆ ಕರೆ ಮಾಡಿ ಒಬ್ಬರೇ ಮೋಸಹೋದರೂ ವಂಚಕನಿಗೆ ಲಾಭ. ಯೂಮೇಲ್ ಸಂಸ್ಥೆಯ ಅಂದಾಜಿನಂತೆ ಅಮೆರಿಕದಲ್ಲಿ 2024ರಲ್ಲಿ ಯಂತ್ರಗಳು ಮಾಡಿದ ಕರೆಗಳು 5,000 ಕೋಟಿಗೂ ಹೆಚ್ಚು. ಇವುಗಳಲ್ಲಿ ಔಷಧಿ ಅಂಗಡಿಯ, ಶಾಲೆಯ ನ್ಯಾಯವಾದ ಸೂಚನೆಗಳೂ ಸೇರಿವೆ ಎಂಬುದು ನಿಜ. ಕರೆ ತಡೆಯುವ ಕೆಲಸ ಕಷ್ಟವಾಗುವುದೂ ಅದಕ್ಕೇ: ಕಳೆ ಮತ್ತು ಬೆಳೆ ಒಂದೇ ತಂತಿಯಲ್ಲಿ ಬರುತ್ತವೆ.

ಪಟ್ಟಿಗಳು ಸೋಲುವ ಬಗೆ

ಕಿರಿಕಿರಿ ನಂಬರುಗಳ ಕಪ್ಪುಪಟ್ಟಿ ಮಾಡಿ ತಡೆಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ 2013ರಲ್ಲಿ ಬಹುಮಾನ ಗೆದ್ದ ನೊಮೊರೋಬೊ ಎಂಬ ಸೇವೆ ಈ ಉಪಾಯವನ್ನು ಜಾಣತನದಿಂದ ಬೆಳೆಸಿತು. ಕರೆ ಬಂದಾಗ ಮನೆಯ ಫೋನ್ ಮತ್ತು ನೊಮೊರೋಬೊ ಸರ್ವರ್ ಎರಡೂ ಏಕಕಾಲಕ್ಕೆ ರಿಂಗಾಗುತ್ತವೆ. ನಂಬರ್ ಕಪ್ಪುಪಟ್ಟಿಯಲ್ಲಿದ್ದರೆ ಸರ್ವರ್ ಮೊದಲು ಎತ್ತಿಕೊಂಡು ಕರೆಯನ್ನು ಕತ್ತರಿಸುತ್ತದೆ. ಇಂಟರ್ನೆಟ್ ಫೋನ್ ಬಳಸುವ ಲಕ್ಷಾಂತರ ಮನೆಗಳಿಗೆ ಇದು ನೆಮ್ಮದಿ ತಂದಿತು.

ವಂಚಕರ ಉತ್ತರ ಸರಳವಾಗಿತ್ತು. ಪ್ರತಿ ಕರೆಗೂ ಹೊಸ ನಂಬರ್. ಅದೂ ಕರೆ ಹೋಗುವ ಮನೆಯ ನಂಬರಿನ ಮೊದಲ ಆರು ಅಂಕೆಗಳನ್ನೇ ಹೋಲುವ ನಂಬರ್, ನೆರೆಯವರ ಕರೆಯೆಂದು ತೋರಲಿ ಎಂದು. ಆ ಆರು ಅಂಕೆಗಳ ಕೆಳಗೆ 10,000 ನಂಬರುಗಳಿರುತ್ತವೆ. ಒಮ್ಮೆ ಬಳಸಿ ಬಿಸಾಡುವ ನಂಬರನ್ನು ಪಟ್ಟಿಗೆ ಸೇರಿಸಿ ಆಗುವ ಪ್ರಯೋಜನವೇನು? ಸೇರಿಸಿದ್ದು ನಿಜಕ್ಕೂ ನೆರೆಮನೆಯವರ ನಂಬರಾಗಿದ್ದರೆ ಅವರ ಕರೆಯೇ ಮುಂದೆ ಬರದಂತಾಗುತ್ತದೆ.

ನಾರ್ತ್ ಕ್ಯಾರೊಲೈನಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು 2019ರಿಂದ 2020ರವರೆಗೆ 11 ತಿಂಗಳ ಕಾಲ 66 ಸಾವಿರಕ್ಕೂ ಹೆಚ್ಚು ಬಳಕೆಯಿಲ್ಲದ ಫೋನ್ ಸಂಪರ್ಕಗಳನ್ನು ಬಲೆಯಾಗಿಟ್ಟು, 14 ಲಕ್ಷಕ್ಕೂ ಮೀರಿದ ಅನಪೇಕ್ಷಿತ ಕರೆಗಳನ್ನು ಅಧ್ಯಯನ ಮಾಡಿದರು. ಫೋನ್ ಎತ್ತಿದರೆ ಮುಂದೆ ಇಂಥ ಕರೆಗಳು ಹೆಚ್ಚುತ್ತವೆ ಎಂಬ ಸಾಮಾನ್ಯ ನಂಬಿಕೆಗೆ ಅವರಿಗೆ ಆಧಾರ ಸಿಗಲಿಲ್ಲ. ಇನ್ನೊಂದು ವಿದ್ಯಮಾನ ಮಾತ್ರ ಸ್ಪಷ್ಟವಾಗಿ ಕಂಡಿತು. ವಂಚಕರು ಯಾರದೋ ನಂಬರನ್ನು ಎರವಲು ಪಡೆದು ಸಾವಿರಾರು ಮನೆಗಳಿಗೆ ಕರೆ ಮಾಡುತ್ತಾರೆ. ಆ ಮನೆಗಳವರು ತಿರುಗಿ ಕರೆ ಮಾಡಿದಾಗ ಏನೂ ಅರಿಯದ ಆ ನಂಬರಿನ ಒಡೆಯರ ಫೋನಿಗೆ ಕರೆಗಳ ಬಿರುಗಾಳಿ ಬೀಸುತ್ತದೆ. ತಪ್ಪು ಮಾಡದವರೇ ಊರವರ ಕಪ್ಪುಪಟ್ಟಿ ಸೇರುತ್ತಾರೆ.

ಸಹಿ ಹೇಳುವುದೇನು, ಹೇಳದ್ದೇನು

ನಂಬರಿನ ಸುಳ್ಳಿಗೆ ಮದ್ದಾಗಿ ಬಂದದ್ದು ‘ಸ್ಟರ್-ಷೇಕನ್’ ಎಂಬ ಸಹಿ ವ್ಯವಸ್ಥೆ. 2019ರ ಡಿಸೆಂಬರ್‌ನ ಟ್ರೇಸ್ಡ್ ಕಾಯ್ದೆಯ ಬಲದಿಂದ 2021ರ ಜೂನ್ 30ರಿಂದ ಅಮೆರಿಕದ ದೊಡ್ಡ ಕಂಪನಿಗಳಿಗೆ ಇದು ಕಡ್ಡಾಯವಾಯಿತು. ಕರೆ ಹೊರಡಿಸುವ ಕಂಪನಿ ಎಸ್‌ಐಪಿ ಸಂದೇಶಕ್ಕೆ ಗೂಢಲಿಪಿಯ ಸಹಿ ಹಾಕುತ್ತದೆ. ಗ್ರಾಹಕನೂ ಗೊತ್ತು, ನಂಬರಿನ ಹಕ್ಕೂ ಗೊತ್ತು ಎಂದರೆ ‘ಎ’. ಗ್ರಾಹಕ ಗೊತ್ತು, ನಂಬರ್ ಗೊತ್ತಿಲ್ಲ ಎಂದರೆ ‘ಬಿ’. ಬೇರೆಡೆಯಿಂದ ಬಂದದ್ದನ್ನು ಮುಂದಕ್ಕೆ ದಾಟಿಸಿದ್ದೇನೆ ಅಷ್ಟೇ ಎಂದರೆ ‘ಸಿ’.

ವ್ಯವಸ್ಥೆಯ ಗಣಿತ ಗಟ್ಟಿಯಾಗಿದೆ, ನೆಲೆ ಅಷ್ಟು ಗಟ್ಟಿಯಿಲ್ಲ. ಮೊದಲನೆಯ ಕೊರತೆ, ಕರೆ ದಾರಿಯಲ್ಲಿ ಹಳೆಯ ಮಾದರಿಯ ಎಕ್ಸ್‌ಚೇಂಜನ್ನು ಹಾದರೆ ಸಹಿ ಅಲ್ಲಿಯೇ ಉದುರಿಹೋಗುತ್ತದೆ. ಎರಡನೆಯದು, ಸಹಿ ಹಾಕುವ ಕಂಪನಿಯೇ ಅಜಾಗರೂಕವಾದರೆ ಏನಾಗುತ್ತದೆ ಎಂಬುದನ್ನು ನ್ಯೂ ಹ್ಯಾಂಪ್‌ಶೈರ್ ತೋರಿಸಿತು. ಎಲ್ಲಕ್ಕಿಂತ ಮುಖ್ಯವಾದದ್ದು ಮೂರನೆಯದು: ನಂಬರ್ ಯಾರದು ಎಂದು ಸಹಿ ಹೇಳಬಲ್ಲದು, ಮಾತಾಡುತ್ತಿರುವವರ ಉದ್ದೇಶವನ್ನು ಹೇಳಲಾರದು. ನ್ಯಾಯವಾಗಿ ಬಾಡಿಗೆಗೆ ಪಡೆದ ನಂಬರಿನಿಂದ ಮೋಸ ಮಾಡುವವನ ಕರೆಗೂ ‘ಎ’ ದರ್ಜೆಯೇ ಸಿಗುತ್ತದೆ.

ಈ ಸಹಿಯನ್ನು ಪರೀಕ್ಷಿಸುವುದು ಬಹುಮಟ್ಟಿಗೆ ಸೇವಾ ಕಂಪನಿ. ಮನೆಯ ಅಡಾಪ್ಟರ್ ದಾಟಿ ಟೆಲಿಫೋನ್ ಸೆಟ್ಟಿಗೆ ಹೋಗುವುದು ಹೆಸರು, ನಂಬರ್, ವೇಳೆ ಇಷ್ಟೇ. ಸೋಫಾದ ಪಕ್ಕದ ಫೋನಿನ ಬಳಿ ಕೂತ ಅಜ್ಜಿಗೆ ಸಹಿಯ ದರ್ಜೆ ಸಾಮಾನ್ಯವಾಗಿ ತಿಳಿಯುವುದಿಲ್ಲ.

ಕಂಪನಿಯನ್ನು ಬಳಸಿಕೊಳ್ಳದೆ ಬರುವ ಕರೆಗಳು

ಇಂಟರ್ನೆಟ್ ಫೋನಿಗಷ್ಟೇ ಇರುವ ಇನ್ನೊಂದು ಪೀಡೆಯಿದೆ. ರಾತ್ರಿ ಎರಡು ಗಂಟೆಗೆ ಫೋನ್ ರಿಂಗಾಗುತ್ತದೆ. ನಂಬರ್ 100 ಅಥವಾ 1001. ಎತ್ತಿದರೆ ಮೌನ. ಇವನ್ನು ಬಳಕೆದಾರರು ಘೋಸ್ಟ್ ಕಾಲ್ ಎನ್ನುತ್ತಾರೆ. ಇವು ಯಾವ ಫೋನ್ ಕಂಪನಿಯ ಮೂಲಕವೂ ಬಂದವಲ್ಲ. ಅಡಾಪ್ಟರ್ ಸಾಮಾನ್ಯವಾಗಿ 5060 ಎಂಬ ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಇಂಟರ್ನೆಟ್ಟಿನಲ್ಲಿ ಹಗಲಿರುಳು ಅಲೆಯುವ ಸ್ಕ್ಯಾನರ್ ತಂತ್ರಾಂಶಗಳು ಆ ಪೋರ್ಟಿಗೆ ನೇರವಾಗಿ ಇನ್‌ವೈಟ್ ಸಂದೇಶ ಎಸೆಯುತ್ತವೆ. ಭದ್ರತಾ ಪರೀಕ್ಷೆಗೆಂದು ಬರೆದ ಎಸ್‌ಐಪಿವಿಶಸ್ ಎಂಬ ತಂತ್ರಾಂಶವೇ ಇದಕ್ಕೆ ವ್ಯಾಪಕವಾಗಿ ದುರ್ಬಳಕೆಯಾಗಿದೆ. ಇವನ್ನು ಹರಿಬಿಟ್ಟವರು ಹುಡುಕುತ್ತಿರುವುದು ಬೇರೆಯವರ ಖರ್ಚಿನಲ್ಲಿ ಕರೆ ದಾಟಿಸಬಲ್ಲ ಕಾವಲಿಲ್ಲದ ಪೆಟ್ಟಿಗೆಯನ್ನು. ರಿಂಗ್ ಆಗುವುದು ಆ ಹುಡುಕಾಟದ ಸದ್ದು. ಕಂಪನಿಯ ಬ್ಲಾಕ್ ಪಟ್ಟಿಯಾಗಲಿ, ಸಹಿಯಾಗಲಿ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ತಡೆಯಬೇಕಾದದ್ದು ಪೆಟ್ಟಿಗೆಯೇ.

ಆ ಪೆಟ್ಟಿಗೆಯ ಪಾಡೇನು? 2023ರ ಮೇ ತಿಂಗಳಲ್ಲಿ ಸಿಸ್ಕೊ ಕಂಪನಿ ತನ್ನ ಎಸ್‌ಪಿಎ112 ಅಡಾಪ್ಟರಿನಲ್ಲಿ ಒಂದು ದೋಷವನ್ನು ಪ್ರಕಟಿಸಿತು. ಪಾಸ್‌ವರ್ಡ್ ಇಲ್ಲದೆಯೇ ದೂರದಿಂದ ಅದರ ಫರ್ಮ್‌ವೇರ್ ಬದಲಾಯಿಸಿ ಪೆಟ್ಟಿಗೆಯನ್ನು ಪೂರ್ತಿ ವಶಪಡಿಸಿಕೊಳ್ಳಬಹುದಿತ್ತು. ಅಪಾಯದ ಮಾನದಲ್ಲಿ ಅದಕ್ಕೆ 10ರಲ್ಲಿ 9.8 ಅಂಕ. ಆದರೆ ಸಾಧನದ ಆಯಸ್ಸು ಮುಗಿದಿದೆ, ತಿದ್ದುಪಡಿ ಕೊಡುವುದಿಲ್ಲ, ಹೊಸದನ್ನು ಕೊಳ್ಳಿ ಎಂದು ಕಂಪನಿ ತಿಳಿಸಿತು. ಓಬಿಹಾಯ್‌ನ ಕತೆಯೂ ಇಂಥದ್ದೇ. 2018ರಲ್ಲಿ ಪಾಲಿಕಾಮ್ ಅದನ್ನು ಕೊಂಡಿತು, ಪಾಲಿಕಾಮ್ ಪ್ಲಾಂಟ್ರಾನಿಕ್ಸ್ ಪಾಲಾಯಿತು, 2022ರಲ್ಲಿ ಎಲ್ಲವೂ ಎಚ್‌ಪಿ ಕೈಸೇರಿತು. ಆ ಅಡಾಪ್ಟರುಗಳ ಸೆಟ್ಟಿಂಗ್ ನೋಡಿಕೊಳ್ಳುತ್ತಿದ್ದ ಓಬಿಟಾಕ್ ಜಾಲಸೇವೆ 2024ರ ಕೊನೆಗೆ ಮುಚ್ಚಿತು. ಪೆಟ್ಟಿಗೆಯ ದೀಪ ಹಸಿರಾಗಿಯೇ ಉರಿಯುತ್ತದೆ, ಫೋನೂ ಕೆಲಸ ಮಾಡುತ್ತದೆ. ಅದನ್ನು ಕಾಯುವವರು ಯಾರೂ ಇಲ್ಲ ಎಂಬುದು ಮನೆಯವರಿಗೆ ತಿಳಿಯುವುದೇ ಇಲ್ಲ.

ಕೂಲಿಯಾಳು ಬೇಡದ ವಂಚನೆ

ಇಲ್ಲಿಯವರೆಗೆ ವಂಚನೆಯ ವೇಗಕ್ಕೆ ಒಂದು ಸಹಜ ಮಿತಿಯಿತ್ತು. ಯಂತ್ರ ಕೋಟಿಗಟ್ಟಲೆ ಕರೆ ಮಾಡಬಹುದು, ಆದರೆ ಫೋನ್ ಎತ್ತಿದವರನ್ನು ಮಾತಿನಿಂದ ಮರುಳು ಮಾಡಲು ಮನುಷ್ಯನೇ ಬೇಕಿತ್ತು. 2016ರ ಅಕ್ಟೋಬರ್‌ನಲ್ಲಿ ಮುಂಬೈ ಸಮೀಪದ ಮೀರಾ ರೋಡ್‌ನ ಕಾಲ್ ಸೆಂಟರುಗಳ ಮೇಲೆ ಠಾಣೆ ಪೊಲೀಸರು ದಾಳಿ ಮಾಡಿದಾಗ ಸಿಕ್ಕಿದ್ದು ನೂರಾರು ಯುವಕ ಯುವತಿಯರು. ಅಮೆರಿಕದ ತೆರಿಗೆ ಅಧಿಕಾರಿಗಳಂತೆ ಮಾತಾಡಿ ಹೆದರಿಸುವುದು ಅವರ ಕೆಲಸವಾಗಿತ್ತು. ಅಷ್ಟು ಜನರನ್ನು ಕೂಡಿಸಬೇಕು, ಉಚ್ಚಾರ ಕಲಿಸಬೇಕು, ಸಂಬಳ ಕೊಡಬೇಕು, ಕಟ್ಟಡ ಹಿಡಿಯಬೇಕು. ಪೊಲೀಸರಿಗೆ ಸುಳಿವು ಸಿಗುವುದೂ ಇವುಗಳಿಂದಲೇ.

ಆ ಮಿತಿ ಕರಗುತ್ತಿದೆ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಪ್ರಕಟಿಸಿದ ವಾಲ್-ಇ ಎಂಬ ವ್ಯವಸ್ಥೆ ಕೇವಲ ಮೂರು ಸೆಕೆಂಡಿನ ಮಾದರಿಯಿಂದ ಒಬ್ಬರ ದನಿಯನ್ನು ಅನುಕರಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 529 ಜನರಿಗೆ ಅಸಲಿ ಮತ್ತು ನಕಲಿ ದನಿಗಳನ್ನು ಕೇಳಿಸಿದರು. ನಕಲಿಯನ್ನು ಗುರುತಿಸಲು ಸಾಧ್ಯವಾದದ್ದು ಶೇ 73ರಷ್ಟು ಬಾರಿ ಮಾತ್ರ. ಅದೂ ಇದು ಪರೀಕ್ಷೆಯೆಂದು ಗೊತ್ತಿದ್ದು, ಕಿವಿಗೊಟ್ಟು ಕೇಳಿದಾಗ. ಮೊಮ್ಮಗನ ದನಿಯಲ್ಲಿ ಅಳು ಕೇಳಿಸಿದ ಅಜ್ಜನಿಗೆ ಅಷ್ಟು ಸಮಾಧಾನ ಎಲ್ಲಿಂದ ಬರಬೇಕು?

ಕನ್ನಡಿಗರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಕನ್ನಡವೊಂದೇ ಬಲ್ಲ ಹಿರಿಯರಿಗೆ ಭಾಷೆಯೇ ಈವರೆಗೆ ಒಂದು ರಕ್ಷೆಯಾಗಿತ್ತು. ದೂರದಿಂದ ಕರೆ ಮಾಡುವ ಅಪರಿಚಿತ ಹಿಂದಿ ಅಥವಾ ಇಂಗ್ಲಿಷಿನಲ್ಲಿ ಶುರುಮಾಡಿದರೆ ಅವರು ಫೋನ್ ಇಡುತ್ತಿದ್ದರು. ಈಗ ಕಂಪ್ಯೂಟರ್ ಕನ್ನಡವನ್ನು ಸರಾಗವಾಗಿ ಮಾತಾಡಲು ಕಲಿಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿಸ್ಪಿನ್ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬರಹವನ್ನು ಮಾತಾಗಿಸಲು ಬೇಕಾದ ದನಿಭಂಡಾರವನ್ನು ಕಟ್ಟಿದೆ. ಓದಲು ಬಾರದ ರೈತರಿಗೆ, ದೃಷ್ಟಿಯಿಲ್ಲದವರಿಗೆ ಇಂಥ ಕೆಲಸ ದೊಡ್ಡ ಆಸರೆ, ಅದು ನಡೆಯಲೇಬೇಕು. ಆದರೆ ಕನ್ನಡದಲ್ಲಿ ಮಾತಾಡುವ ಯಂತ್ರ ಬಂದ ಮೇಲೆ, ಕನ್ನಡದಲ್ಲಿ ಮಾತಾಡಿದ್ದಾರೆ ಎಂಬ ಕಾರಣಕ್ಕೆ ನಂಬುವಂತಿಲ್ಲ. ಹುಬ್ಬಳ್ಳಿಯ ಮನೆಗೆ ಹುಬ್ಬಳ್ಳಿಯ ಮಾತಿನಲ್ಲಿ, ಮಂಗಳೂರಿನ ಮನೆಗೆ ಮಂಗಳೂರಿನ ಮಾತಿನಲ್ಲಿ ವಂಚನೆಯ ಕರೆ ಬರುವ ದಿನಕ್ಕೆ ನಾವು ಈಗಲೇ ಸಿದ್ಧರಾಗಬೇಕು.

ನಷ್ಟದ ಲೆಕ್ಕ ಈಗಲೇ ಭಾರವಾಗಿದೆ. ಸರ್ಕಾರದ ಅಥವಾ ಕಂಪನಿಯ ಸೋಗಿನಲ್ಲಿ ಬಂದವರಿಗೆ ತಲಾ ಒಂದು ಲಕ್ಷ ಡಾಲರಿಗಿಂತ ಹೆಚ್ಚು ಕಳೆದುಕೊಂಡ ಅಮೆರಿಕದ ಹಿರಿಯರು ವರದಿ ಮಾಡಿದ ಒಟ್ಟು ನಷ್ಟ 2020ರಲ್ಲಿ 5.5 ಕೋಟಿ ಡಾಲರ್ ಇತ್ತು. 2024ರಲ್ಲಿ ಅದು 44.5 ಕೋಟಿ ಡಾಲರ್. ಭಾರತದಲ್ಲಿ 2024ರಲ್ಲಿ ಎಲ್ಲ ಬಗೆಯ ಸೈಬರ್ ವಂಚನೆಗೆ ಜನ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ತಿಳಿಸಿದೆ.

ತಾಮ್ರದ ತಂತಿ ಕಳಚಿದಾಗ

ಬ್ರಿಟನ್ 2027ರ ಜನವರಿ 31ರೊಳಗೆ ತನ್ನ ಹಳೆಯ ಟೆಲಿಫೋನ್ ಜಾಲವನ್ನು ಪೂರ್ತಿ ನಿಲ್ಲಿಸಲು ಹೊರಟಿದೆ. ಮೊದಲು ನಿಗದಿಯಾಗಿದ್ದದ್ದು 2025ರ ಡಿಸೆಂಬರ್. ಆಪತ್ತಿನಲ್ಲಿ ಗುಂಡಿ ಒತ್ತಿದರೆ ನೆರವು ಕರೆಯುವ ಟೆಲಿಕೇರ್ ಸಾಧನಗಳನ್ನು ನಂಬಿದ ಸುಮಾರು 18 ಲಕ್ಷ ಜನ ಅಲ್ಲಿದ್ದಾರೆ. ಬದಲಾವಣೆಯ ನಡುವೆ ಆ ಸಾಧನಗಳು ಕೈಕೊಟ್ಟ ಘಟನೆಗಳು ಬೆಳಕಿಗೆ ಬಂದದ್ದರಿಂದ ವೇಗ ತಗ್ಗಿಸಬೇಕಾಯಿತು. ಈ ಕೆಲಸ ಮುಗಿದಾಗ ಅಲ್ಲಿನ ಪ್ರತಿ ಲ್ಯಾಂಡ್‌ಲೈನ್ ಫೋನೂ ರೂಟರಿಗೋ ಅಡಾಪ್ಟರಿಗೋ ಜೋಡಣೆಯಾಗಿರುತ್ತದೆ.

ನಮ್ಮಲ್ಲೂ ಇದೇ ನಡೆಯುತ್ತಿದೆ. ಬಿಎಸ್‌ಎನ್‌ಎಲ್ ತಾಮ್ರದ ಸಂಪರ್ಕಗಳನ್ನು ಫೈಬರಿಗೆ ಬದಲಾಯಿಸುತ್ತಿದೆ. ಜಿಯೊ, ಏರ್‌ಟೆಲ್ ಫೈಬರ್ ಸಂಪರ್ಕದ ಜತೆಗೂ ಲ್ಯಾಂಡ್‌ಲೈನ್ ಬರುತ್ತದೆ. ಗೋಡೆಗೆ ಕೂರಿಸುವ ಓಎನ್‌ಟಿ ಪೆಟ್ಟಿಗೆಯಲ್ಲೇ ಫೋನಿನ ತಂತಿಗೊಂದು ಕಿಂಡಿ ಇರುತ್ತದೆ. ಮೊಬೈಲಿನಲ್ಲಿ ಸ್ಪ್ಯಾಮ್ ಎಂದು ಎಚ್ಚರಿಸುವ ಆ್ಯಪ್‌ಗಳಿವೆ, ಈ ಫೋನಿಗೆ ಅಂಥದ್ದೇನೂ ಇಲ್ಲ. ಮನೆಯಲ್ಲಿ ಇದನ್ನು ಹೆಚ್ಚಾಗಿ ಎತ್ತುವವರು ವಯಸ್ಸಾದವರೇ.

ಸರ್ಕಾರದ ಮಟ್ಟದಲ್ಲಿ ಒಳ್ಳೆಯ ಕೆಲಸಗಳು ಆಗಿವೆ. ವಿದೇಶದಿಂದ ಹೊರಟು ಭಾರತದ ನಂಬರಿನ ವೇಷ ತೊಟ್ಟು ಬರುವ ಕರೆಗಳನ್ನು ಗಡಿಯಲ್ಲೇ ತಡೆಯುವ ವ್ಯವಸ್ಥೆಯನ್ನು ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್ 22ರಂದು ಆರಂಭಿಸಿತು. ಮೊದಲ 24 ಗಂಟೆಗಳಲ್ಲೇ 1.35 ಕೋಟಿ ಕರೆಗಳು ತಡೆಯಾದವು. ಇಂಥ ತಡೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದು ದೊಡ್ಡ ಸಾಕ್ಷಿ. ಆದರೆ ಗಡಿ ಮುಚ್ಚಿದರೆ ವಂಚಕರು ಒಳಗಿನಿಂದಲೇ ದಾರಿ ಮಾಡಿಕೊಳ್ಳುತ್ತಾರೆ. 2021ರ ಜೂನ್‌ನಲ್ಲಿ ಬೆಂಗಳೂರು ಪೊಲೀಸರು ಮತ್ತು ಸೇನೆಯ ಗುಪ್ತಚರ ವಿಭಾಗ ಸೇರಿ ಪತ್ತೆಹಚ್ಚಿದ ಅಕ್ರಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ 30ಕ್ಕೂ ಹೆಚ್ಚು ಸಿಮ್ ಬಾಕ್ಸುಗಳಿದ್ದವು. ಇಂಟರ್ನೆಟ್ ಮೂಲಕ ಬಂದ ವಿದೇಶಿ ಕರೆ ಅಲ್ಲಿ ಸ್ಥಳೀಯ ಸಿಮ್ಮಿನ ಕರೆಯಾಗಿ ಹೊರಬರುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಸುತ್ತಮುತ್ತ ಅಮೆರಿಕದ ಸೀಕ್ರೆಟ್ ಸರ್ವಿಸ್ ವಶಪಡಿಸಿಕೊಂಡ ಜಾಲದಲ್ಲಿ 300ಕ್ಕೂ ಹೆಚ್ಚು ಸಿಮ್ ಸರ್ವರುಗಳೂ ಒಂದು ಲಕ್ಷ ಸಿಮ್ ಕಾರ್ಡುಗಳೂ ಇದ್ದವು. ಸಿಮ್ ಬಾಕ್ಸಿನಿಂದ ಹೊರಟ ಕರೆಯ ನಂಬರ್ ನಿಜವಾದದ್ದೇ. ಅಲ್ಲಿ ಹಿಡಿಯಲು ಸುಳ್ಳು ನಂಬರೇ ಇಲ್ಲ.

ಮನೆಯಲ್ಲಿ ಇಂದೇ ಮಾಡಬಹುದಾದದ್ದು

ಯಾರನ್ನು ಒಳಬಿಡಬಾರದು ಎಂಬ ಪಟ್ಟಿಗೆ ಕೊನೆಯಿಲ್ಲ. ಯಾರನ್ನು ಒಳಬಿಡಬೇಕು ಎಂಬ ಪಟ್ಟಿ ಒಂದು ಹಾಳೆಯಲ್ಲಿ ಮುಗಿಯುತ್ತದೆ. ತಡೆಯ ತರ್ಕವನ್ನು ನಾವು ಹೀಗೆ ತಿರುಗಿಸಬೇಕು.

ಮೊದಲು ಪೆಟ್ಟಿಗೆಯನ್ನು ಭದ್ರಪಡಿಸಿ. ಅಡಾಪ್ಟರ್ ರೂಟರಿನ ಹಿಂದೆಯೇ ಇರಲಿ. 5060 ಪೋರ್ಟನ್ನು ಹೊರಗಿನಿಂದ ತೆರೆದಿಡುವ ಪೋರ್ಟ್ ಫಾರ್ವರ್ಡಿಂಗ್, ಡಿಎಂಜೆಡ್ ಸೆಟ್ಟಿಂಗ್ ಇದ್ದರೆ ತೆಗೆಯಿರಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸಿ. ನೋಂದಾಯಿತ ಸರ್ವರಿನಿಂದ ಬಂದ ಕರೆಯನ್ನಷ್ಟೇ ಸ್ವೀಕರಿಸುವ ಆಯ್ಕೆ ಬಹುತೇಕ ಅಡಾಪ್ಟರುಗಳಲ್ಲಿದೆ, ಅದನ್ನು ಚಾಲೂ ಮಾಡಿದರೆ ಘೋಸ್ಟ್ ಕಾಲ್ ಬಹುಮಟ್ಟಿಗೆ ನಿಲ್ಲುತ್ತದೆ. ತಯಾರಕರು ಕೈಬಿಟ್ಟ ಮಾದರಿಯಾದರೆ ಬದಲಾಯಿಸುವುದೇ ಕ್ಷೇಮ. ನಮ್ಮೂರಿನ ಓಎನ್‌ಟಿಗಳಲ್ಲಿ ಈ ಸೆಟ್ಟಿಂಗುಗಳು ಕಂಪನಿಯ ಕೈಯಲ್ಲಿರುವುದೇ ಹೆಚ್ಚು, ಹಾಗಿದ್ದರೆ ಅವರನ್ನೇ ಕೇಳಿ ಮಾಡಿಸಿ.

ಆಮೇಲೆ ಕರೆಗಳನ್ನು ಮೂರು ದಾರಿಗೆ ವಿಂಗಡಿಸಿ. ಮಕ್ಕಳು, ನೆಂಟರು, ವೈದ್ಯರು, ಆಸ್ಪತ್ರೆ, ನೆರೆಹೊರೆಯವರು ನೇರ ರಿಂಗಾಗಲಿ. ನಂಬರ್ ಮುಚ್ಚಿಟ್ಟು ಬರುವ ಕರೆ ತಿರಸ್ಕೃತವಾಗಲಿ. ಉಳಿದವೆಲ್ಲ ರಿಂಗಾಗದೆ ವಾಯ್ಸ್‌ಮೇಲಿಗೋ, ಇಂಥ ಅಂಕೆ ಒತ್ತಿ ಎಂದು ಕೇಳುವ ಧ್ವನಿಸೂಚನೆಗೋ ಹೋಗಲಿ. ಇಂದಿನ ಡಯಲರ್ ಯಂತ್ರಗಳಲ್ಲಿ ಬಹುಪಾಲು ಆ ಸೂಚನೆಯ ಮುಂದೆ ತಬ್ಬಿಬ್ಬಾಗುತ್ತವೆ. ಮಾತನ್ನು ಅರ್ಥಮಾಡಿಕೊಳ್ಳುವ ಯಂತ್ರಗಳು ಅದನ್ನೂ ದಾಟುವುದರಿಂದ ಈ ಬಾಗಿಲೊಂದನ್ನೇ ನೆಚ್ಚಿಕೊಳ್ಳಬಾರದು.

ಅತಿಯಾದ ತಡೆಯೂ ಅಪಾಯ. ಆ್ಯಂಬುಲೆನ್ಸಿಗೆ ಕರೆ ಮಾಡಿದ ಮೇಲೆ ಸಿಬ್ಬಂದಿ ಅಪರಿಚಿತ ನಂಬರಿನಿಂದ ಮರಳಿ ಕರೆ ಮಾಡಬಹುದು. ಅಂಥ ಹೊತ್ತಿನಲ್ಲಿ ತಡೆಯನ್ನು ತೆಗೆಯುವುದು ಹೇಗೆಂದು ಮನೆಯ ಎಲ್ಲರಿಗೂ ತಿಳಿದಿರಬೇಕು. ಅಪರಿಚಿತ ನಂಬರಿನ ಕರೆಯನ್ನು ಸಾಮಾನ್ಯವಾಗಿ ಎತ್ತುವವರು ಶೇ 19 ಮಾತ್ರ ಎಂದು ಅಮೆರಿಕದಲ್ಲಿ ಪ್ಯೂ ಸಂಶೋಧನಾ ಕೇಂದ್ರ 2020ರಲ್ಲಿ ನಡೆಸಿದ ಸಮೀಕ್ಷೆ ಕಂಡುಕೊಂಡಿತ್ತು. ವೈದ್ಯರ, ಆರೋಗ್ಯ ಕಾರ್ಯಕರ್ತರ ಕರೆಯೂ ಹೀಗೆ ಅನಾಥವಾಗುವುದು ಸಣ್ಣ ಹಾನಿಯಲ್ಲ.

ಕೊನೆಯ ತಡೆ ಮನುಷ್ಯರೇ. ಕುಟುಂಬದವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಆತುರದಲ್ಲಿ ಹಣ ಕೇಳುವ ದನಿ ಮಗನದ್ದೇ ಆಗಿದ್ದರೂ ಆ ಮಾತನ್ನು ಕೇಳಿ. ಫೋನ್ ಇಟ್ಟು, ನಿಮ್ಮಲ್ಲಿ ಮೊದಲೇ ಇರುವ ನಂಬರಿಗೆ ನೀವೇ ಕರೆ ಮಾಡಿ. ಬ್ಯಾಂಕುಗಳ ಸೇವಾ ಕರೆಗೆ ಭಾರತದಲ್ಲಿ 1600ರಿಂದ ಆರಂಭವಾಗುವ ನಂಬರುಗಳನ್ನು ಗೊತ್ತುಮಾಡಿದ್ದಾರೆ. ಬೇರೆ ನಂಬರಿನಿಂದ ಬ್ಯಾಂಕಿನ ಹೆಸರು ಹೇಳಿದರೆ ಅನುಮಾನಿಸಿ, 1600 ಕಂಡರೂ ಒಟಿಪಿ ಹೇಳಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮನೆಯವರಿಂದಾಗದ್ದು

ಎಚ್ಚರವಾಗಿರಿ ಎಂದು ಹಿರಿಯರಿಗೆ ಬುದ್ಧಿ ಹೇಳುವುದು ಸುಲಭ. ದಿನಕ್ಕೆ ಹತ್ತು ಸಲ ಎಚ್ಚರದಿಂದಿದ್ದು ಹನ್ನೊಂದನೆಯ ಸಲ ಮೈಮರೆತವರನ್ನು ದೂಷಿಸುವುದು ಅನ್ಯಾಯ. ಈ ಹೊರೆಯನ್ನು ಹೊರಬೇಕಾದವರು ಬೇರೆಯವರಿದ್ದಾರೆ.

ಸಾಧನಕ್ಕೆ ಎಷ್ಟು ಕಾಲ ಭದ್ರತಾ ತಿದ್ದುಪಡಿ ಸಿಗುತ್ತದೆಂದು ಮಾರುವಾಗಲೇ ತಿಳಿಸುವುದನ್ನು, ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಡದಿರುವುದನ್ನು ಬ್ರಿಟನ್ 2024ರ ಏಪ್ರಿಲ್ 29ರಿಂದ ಕಾನೂನಾಗಿಸಿದೆ. ಭಾರತದಲ್ಲಿ ಮನೆಗೆ ಬರುವ ಪ್ರತಿ ಓಎನ್‌ಟಿ ಮತ್ತು ಅಡಾಪ್ಟರಿಗೂ ಇಂಥ ಹೊಣೆ ಅಂಟಿಕೊಳ್ಳಬೇಕು. ಕರೆಗೆ ಖಾತರಿ ಕೊಡುವ ಕಂಪನಿ ತಪ್ಪು ಖಾತರಿಯ ನಷ್ಟವನ್ನೂ ಹೊರಬೇಕು. ಸಗಟು ನಂಬರುಗಳನ್ನು ಕೊಳ್ಳುವವರ ಗುರುತು ಪರಿಶೀಲನೆ ಬಿಗಿಯಾಗಬೇಕು. ಪರಿಚಿತರ ಪಟ್ಟಿಯನ್ನು ಅನುಸರಿಸುವ ತಡೆ, ಹುಡುಕಿ ಹಚ್ಚುವ ಸೆಟ್ಟಿಂಗ್ ಆಗಿ ಉಳಿಯದೆ, ಲ್ಯಾಂಡ್‌ಲೈನ್ ಜತೆಗೇ ಕನ್ನಡದಲ್ಲಿ ವಿವರಿಸಿ ಕೊಡುವ ಸೇವೆಯಾಗಬೇಕು.

ತಾಮ್ರದಿಂದ ಫೈಬರಿಗೆ ದಾಟುವ ಈ ಹೊತ್ತು ಅದಕ್ಕೆ ಒದಗಿ ಬಂದ ಅವಕಾಶ. ಒಮ್ಮೆ ಕೋಟ್ಯಂತರ ಪೆಟ್ಟಿಗೆಗಳು ಗೋಡೆಗೇರಿದ ಮೇಲೆ ಒಂದೊಂದನ್ನೂ ಹುಡುಕಿ ಸರಿಪಡಿಸಲಾಗದು ಎಂಬುದಕ್ಕೆ ತಯಾರಕರು ಕೈಬಿಟ್ಟ ಅಮೆರಿಕದ ಅಡಾಪ್ಟರುಗಳೇ ಸಾಕ್ಷಿ. ಹೊಸ ಪೆಟ್ಟಿಗೆ ಕೂರಿಸಲು ಬರುವ ತಂತ್ರಜ್ಞ ಡಯಲ್ ಟೋನ್ ಕೇಳಿಸಿ ಹೊರಟುಹೋಗುವ ಬದಲು, ಮನೆಯವರ ಹತ್ತಾರು ಮುಖ್ಯ ನಂಬರುಗಳನ್ನು ತುಂಬಿ, ತಡೆಯನ್ನು ಚಾಲೂ ಮಾಡಿ, ಅದನ್ನು ತೆಗೆಯುವ ಬಗೆಯನ್ನು ಅಜ್ಜಿಗೆ ಕಲಿಸಿ ಹೋಗಲಿ. ಹದಿನೈದು ನಿಮಿಷದ ಕೆಲಸವಿದು. ಇದನ್ನು ಅನುಸ್ಥಾಪನೆಯ ನಿಯಮವನ್ನಾಗಿ ಮಾಡುವ ಅಧಿಕಾರ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮತ್ತು ದೂರಸಂಪರ್ಕ ಇಲಾಖೆಯ ಬಳಿ ಇದೆ. ಅದನ್ನು ಕೇಳಿ ಪಡೆಯುವ ಹಕ್ಕು ತಿಂಗಳು ತಿಂಗಳು ಬಿಲ್ ಕಟ್ಟುವ ನಮ್ಮದು.